ಸುರಪುರದ ಹುಡುಗ ದೊರೆ, ಅವನ ಬಿಳಿಯ ಅಪ್ಪ

‘ಯಂಗ್ ರಾಯಲ್ಸ್’ ಎಂಬ ಸ್ವೀಡನ್ ದೇಶದ ಧಾರಾವಾಹಿ ನೆಟ್‌ಫ್ಲಿಕ್ಸ್‌ಗೆ ಬಂದದ್ದು 2021ರ ಜುಲೈನಲ್ಲಿ. ಅರಮನೆಯ ಎರಡನೇ ಮಗ ವಿಲ್ಹೆಲ್ಮ್ ಕ್ಲಬ್ಬೊಂದರಲ್ಲಿ ಹೊಡೆದಾಡಿ ಮನೆತನದ ಮರ್ಯಾದೆ ಕಳೆದನೆಂದು ಅವನನ್ನು ಶ್ರೀಮಂತರ ವಸತಿ ಶಾಲೆಯೊಂದಕ್ಕೆ ಹಾಕುತ್ತಾರೆ. ಅಲ್ಲಿ ಸಾಧಾರಣ ಮನೆಯ ಹುಡುಗ ಸೈಮನ್ ಮೇಲೆ ಅವನಿಗೆ ಪ್ರೀತಿ ಹುಟ್ಟುತ್ತದೆ. ಅಷ್ಟರಲ್ಲಿ ಅಣ್ಣ ಕಾರು ಅಪಘಾತದಲ್ಲಿ ಸಾಯುತ್ತಾನೆ, ಯುವರಾಜನ ಪಟ್ಟ ತಮ್ಮನ ತಲೆಗೆ ಬರುತ್ತದೆ. ಸಂಬಂಧಿಕನೇ ಆದ ಆಗಸ್ಟ್ ಕಿಟಕಿಯಾಚೆ ನಿಂತು ಹುಡುಗರಿಬ್ಬರ ಏಕಾಂತವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುತ್ತಾನೆ. ಅರಮನೆಯ ಒತ್ತಾಯಕ್ಕೆ ಮಣಿದ ವಿಲ್ಹೆಲ್ಮ್ ಕ್ಯಾಮೆರಾದ ಮುಂದೆ ಕೂತು, ಅದರಲ್ಲಿರುವುದು ತಾನಲ್ಲ ಎಂದುಬಿಡುತ್ತಾನೆ. ಮನೆತನ ಉಳಿಯುತ್ತದೆ, ಸೈಮನ್ ಒಂಟಿಯಾಗುತ್ತಾನೆ. ಮೂರು ಸರಣಿಗಳು ಮುಗಿಯುವ ಹೊತ್ತಿಗೆ, 2024ರ ಮಾರ್ಚಿನಲ್ಲಿ, ಹುಡುಗ ಪಟ್ಟವನ್ನೇ ಬಿಟ್ಟು ಪ್ರೀತಿಯ ಕಡೆ ಹೊರಡುತ್ತಾನೆ.

ಹದಿಹರೆಯದ ದೊರೆಗಳ ಕತೆಗೆ ಜಗತ್ತಿನಲ್ಲಿ ಬೇಡಿಕೆ ತಗ್ಗಿಲ್ಲ. ಸ್ಕಾಟ್ಲೆಂಡಿನ ರಾಣಿ ಮೇರಿಯ ಹರೆಯವನ್ನು ಹಿಡಿದು ಅಮೆರಿಕದವರು 2013ರಿಂದ ನಾಲ್ಕು ವರ್ಷ ಧಾರಾವಾಹಿ ನಡೆಸಿದರು. ನಮ್ಮಲ್ಲೂ 2009ರಲ್ಲಿ ಝೀ ಟಿವಿಯ ಹಿಂದಿ ಧಾರಾವಾಹಿ ಝಾನ್ಸಿಯ ಮನು ಎಂಬ ಹುಡುಗಿಯನ್ನು ಮನೆಮನೆಗೆ ತಂದಿತು. ಪ್ರೀತಿ ಒಂದು ಕಡೆ ಎಳೆಯುತ್ತದೆ, ಪೀಠ ಇನ್ನೊಂದು ಕಡೆ ಎಳೆಯುತ್ತದೆ, ಹತ್ತಿರದವರೇ ಕೈಕೊಡುತ್ತಾರೆ. ನೋಡುವವರ ವಯಸ್ಸು ಹದಿನೈದಿರಲಿ, ಐವತ್ತಿರಲಿ, ಈ ಮೂರು ಸೇರಿದರೆ ಕಣ್ಣು ಕದಲುವುದಿಲ್ಲ.

ಕೃಷ್ಣೆ ಮತ್ತು ಭೀಮೆಯ ನಡುವಿನ ವಡಗೇರಾದಿಂದ ಶಹಾಪುರ ದಾಟಿ ಸುರಪುರದ ಗುಡ್ಡಗಳ ಕಡೆ ಹೋದರೆ ಇಂಥದ್ದೇ ಕತೆಯೊಂದು ನಿಜವಾಗಿ ನಡೆದ ನೆಲ ಸಿಗುತ್ತದೆ. ಸಗರನಾಡಿನ ಮಕ್ಕಳಿಗೆ ಆ ದೊರೆಯ ಹೆಸರು ಗೊತ್ತು: ರಾಜಾ ವೆಂಕಟಪ್ಪ ನಾಯಕ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದವನು. ಆದರೆ ಅವನು ಪಟ್ಟಕ್ಕೆ ಬಂದಾಗ ಏಳೆಂಟು ವರ್ಷದ ಮಗು, ಪೂರ್ಣ ಅಧಿಕಾರ ಸಿಕ್ಕಾಗ ಇನ್ನೂ ಇಪ್ಪತ್ತು ತುಂಬದ ಹುಡುಗ, ಸತ್ತಾಗ ಇಪ್ಪತ್ನಾಲ್ಕರ ಆಸುಪಾಸಿನವನು ಎಂಬುದು ಪುತ್ಥಳಿ ನೋಡಿ ತಿಳಿಯುವ ಸಂಗತಿಯಲ್ಲ. ಅವನು ಯಾರ ವಿರುದ್ಧ ಎದ್ದನೋ ಅವರ ಕಡೆಯ ಒಬ್ಬನನ್ನು ಬಾಲ್ಯದಿಂದ ‘ಅಪ್ಪ’ ಎಂದು ಕರೆಯುತ್ತಿದ್ದ ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

ಸುರಪುರದ್ದು ಬೇಡ ನಾಯಕರ ಗೋಸಲ ವಂಶ. ಹತ್ತಿರದ ವಾಗಣಗೇರಿಯ ಕೋಟೆ ಅವರ ಹಳೆಯ ನೆಲೆ. 1705ರಲ್ಲಿ ಔರಂಗಜೇಬನೇ ಬಂದು ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತದ್ದು ಈ ಕೋಟೆಯ ಮುಂದೆ. ಮೊಗಲ್ ಬಾದಶಹನ ಕೊನೆಯ ದಂಡಯಾತ್ರೆ ಅದು. ಕೋಟೆ ಬಿತ್ತು, ಆದರೆ ಪಿಡ್ಡ ನಾಯಕ ಕೈಗೆ ಸಿಗದೆ ಹೊರಬಿದ್ದ. ಇಂಥ ನೆನಪನ್ನು ಹಾಲಿನ ಜೊತೆ ಕುಡಿದು ಬೆಳೆಯುವ ಮನೆಯಲ್ಲಿ ಹುಟ್ಟಿದ ಮಗುವಿಗೆ ತಲೆ ಬಾಗಿಸುವುದು ಯಾರೂ ಕಲಿಸದ ವಿದ್ಯೆ. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಮಾತ್ರ ಸಂಸ್ಥಾನ ಸೋತು ಸುಣ್ಣವಾಗಿತ್ತು. ಹೈದರಾಬಾದಿನ ನಿಜಾಮನಿಗೆ ಕಟ್ಟಬೇಕಾದ ಕಪ್ಪ, ಪಟ್ಟಕ್ಕೆ ಬಂದಾಗಲೆಲ್ಲ ಕೊಡಬೇಕಾದ ನಜರಾಣೆ, ಅದಕ್ಕಾಗಿ ಮಾಡಿದ ಸಾಲ, ಸಾಲದ ಬಡ್ಡಿ. ನಿಜಾಮನ ಹಿಂದೆ ಬ್ರಿಟಿಷ್ ರೆಸಿಡೆಂಟ್ ನಿಂತಿದ್ದ.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ಚಿಕ್ಕವನು. ಮಗನ ಪರವಾಗಿ ಆಡಳಿತ ನಡೆಸುವವರು ಯಾರು? ತೀರಿಕೊಂಡ ದೊರೆಯ ತಮ್ಮ ಪಿಡ್ಡ ನಾಯಕನೋ, ರಾಣಿ ಈಶ್ವರಮ್ಮನೋ? ಹೈದರಾಬಾದು ಚಿಕ್ಕಪ್ಪನ ಕಡೆ ನಿಂತಿತು. ರಾಣಿ ಸುಲಭಕ್ಕೆ ಬಿಟ್ಟುಕೊಡುವ ಹೆಂಗಸಲ್ಲ, ಆಕೆಯ ಹಿಂದೆ ಆಯುಧ ಹಿಡಿದ ಜನ ಇದ್ದರು. ಊರು ಎರಡಾಗಿ ರಕ್ತ ಹರಿಯುವ ಹಂತಕ್ಕೆ ಬಂದಾಗ ಅದನ್ನು ತಣ್ಣಗಾಗಿಸಲು ನಿಜಾಮನ ಸೇನೆಯಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯನ್ನು ಕಳಿಸಿದರು. ಅವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು, ಹರೆಯದಲ್ಲೇ ಭಾರತಕ್ಕೆ ಬಂದವನು. ಠಕ್ಕರ ಬಗ್ಗೆ ಬರೆದ ಅವನ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಅವನು ದಖ್ಖನ್ನಿನಿಂದ ಬರೆಯುತ್ತಿದ್ದ. ಚಿತ್ರ ಬಿಡಿಸುತ್ತಿದ್ದ, ಶಹಾಪುರದ ಬಳಿಯ ವಿಭೂತಿಹಳ್ಳಿಯಂಥ ಊರುಗಳಲ್ಲಿ ಸಾಲು ಹಿಡಿದು ನಿಂತ ಹಳೆಯ ಬಂಡೆಗಲ್ಲುಗಳನ್ನು ಅಳೆದು, ಬರೆದು, ವಿದ್ವಾಂಸರಿಗೆ ತೋರಿಸಿಕೊಟ್ಟ. ಕಲ್ಯಾಣ ಕರ್ನಾಟಕದ ಶಿಲಾಸಮಾಧಿಗಳ ಮೊದಲ ಗಂಭೀರ ಅಧ್ಯಯನ ಅವನದೇ. ದಖ್ಖನ್ನಿನ ಜನ ಅವನನ್ನು ‘ಮಹಾದೇವ ಬಾಬಾ’ ಎಂದು ಕರೆದದ್ದೂ ಉಂಟು. ಇಷ್ಟೆಲ್ಲ ಇದ್ದರೂ ಅವನು ಸುರಪುರಕ್ಕೆ ಬಂದದ್ದು ಸಂಸ್ಥಾನದ ಲಗಾಮನ್ನು ಬ್ರಿಟಿಷರ ಕೈಗೆ ಒಪ್ಪಿಸಿಕೊಳ್ಳಲು. ಈ ಎರಡು ಮುಖಗಳಲ್ಲಿ ಒಂದನ್ನು ಮರೆತರೂ ಕತೆ ಸುಳ್ಳಾಗುತ್ತದೆ.

ಸುರಪುರದ ಗುಡ್ಡದ ಮೇಲೆ 1844ರಲ್ಲಿ ಅವನು ಮನೆ ಕಟ್ಟಿಸಿದ. ಇಂದಿಗೂ ಅದು ಟೇಲರ್ ಮಂಜಿಲ್. ಅದೇ ವರ್ಷ ಅವನ ಹೆಂಡತಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿ. ಹೀಗೆ ಗುಡ್ಡದ ಮೇಲೆ ಹೆಂಡತಿ ಇಲ್ಲದ, ಮಕ್ಕಳು ಹತ್ತಿರವಿಲ್ಲದ ಗಂಡಸು, ಕೆಳಗೆ ಅರಮನೆಯಲ್ಲಿ ಅಪ್ಪನಿಲ್ಲದ ಹುಡುಗ. ಅವರ ನಡುವೆ ಬೆಳೆದದ್ದು ರಾಜಕೀಯ ಲೆಕ್ಕಾಚಾರ ಮಾತ್ರ ಎಂದು ಹೇಳಲು ಆಗುವುದಿಲ್ಲ. ಹುಡುಗ ಅವನ ಮನೆಗೆ ಹೋಗಿಬರುತ್ತಿದ್ದ, ಅವನ ಹತ್ತಿರ ಕಲಿಯುತ್ತಿದ್ದ, ಅವನನ್ನು ಅಪ್ಪ ಎನ್ನುತ್ತಿದ್ದ. ಟೇಲರ್ ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಬೇರೆ ಎಷ್ಟೋ ಮಂದಿಯ ಬಗ್ಗೆ ಅಧಿಕಾರಿಯ ಮಾತು ಕೇಳಿಸುತ್ತದೆ. ವೆಂಕಟಪ್ಪನ ಹೆಸರು ಬಂದಲ್ಲಿ ಆ ದನಿ ಬದಲಾಗುತ್ತದೆ.

ಆ ಪುಸ್ತಕದಲ್ಲಿ ಜಾತಕದ ಪ್ರಸಂಗವೊಂದಿದೆ. ರಾಣಿ ಕಾಯಿಲೆ ಬಿದ್ದು ಬದುಕುವುದು ಅನುಮಾನವಾದಾಗ ಟೇಲರ್‌ನನ್ನು ಕರೆಸಿದಳು. ಮಗ ಹುಟ್ಟಿದಾಗ ಬರೆಸಿದ ಜಾತಕದಲ್ಲಿ, ಅವನು ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂದು ಇತ್ತಂತೆ. ಮನೆಯ ಶಾಸ್ತ್ರಿಗಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಟೇಲರ್ ಇದನ್ನು ನಂಬಲಿಲ್ಲ, ಆದರೆ ಮರೆಯಲೂ ಇಲ್ಲ. ಜಾತಕದ ಮಾತನ್ನು ಇಂದು ನಾವು ನಂಬಬೇಕಾಗಿಲ್ಲ. ಆದರೆ ತನ್ನ ಆಯುಷ್ಯ ಇಷ್ಟೇ ಎಂದು ಸುತ್ತಲಿನವರೆಲ್ಲ ನಂಬಿದ ಮನೆಯಲ್ಲಿ ಒಂದು ಮಗು ಹೇಗೆ ಬೆಳೆದೀತು ಎಂದು ಯೋಚಿಸಲೇಬೇಕು.

1853ರಲ್ಲಿ ನಿಜಾಮ ಸಾಲ ತೀರಿಸಲಾರದೆ ಬೇರಾರ್, ನಳದುರ್ಗ, ರಾಯಚೂರು ದೋಆಬ್ ಪ್ರದೇಶಗಳನ್ನು ಕಂಪನಿ ಸರ್ಕಾರಕ್ಕೆ ವಹಿಸಿಕೊಟ್ಟ. ಟೇಲರ್‌ಗೆ ನಳದುರ್ಗದ ಆಡಳಿತ ಸಿಕ್ಕಿತು. ಅದೇ ವರ್ಷ ವೆಂಕಟಪ್ಪ ಪೂರ್ಣ ಅಧಿಕಾರದ ದೊರೆಯಾದ. ಹನ್ನೆರಡು ವರ್ಷ ಜೊತೆಗಿದ್ದವರು ಅಗಲಿದರು. ಪಕ್ಕದ ಲಿಂಗಸುಗೂರಿನಲ್ಲಿ ಈಗ ನೇರವಾಗಿ ಬ್ರಿಟಿಷ್ ಅಧಿಕಾರಿ ಕೂತಿದ್ದ. ಹುಡುಗನ ಮುಂದೆ ಸಾಲದ ಕಡತ, ಸುತ್ತ ಕೆಲಸವಿಲ್ಲದ ಅರಬ್ ಮತ್ತು ರೋಹಿಲಾ ಸಿಪಾಯಿಗಳು, ಒಬ್ಬೊಬ್ಬರದು ಒಂದೊಂದು ಸಲಹೆ. ದೊರೆ ಕೆಟ್ಟ ಸಹವಾಸಕ್ಕೆ ಬಿದ್ದ, ಕುಡಿತಕ್ಕೆ ಬಿದ್ದ ಎಂದು ಬ್ರಿಟಿಷ್ ಬರಹಗಳು ಹೇಳುತ್ತವೆ. ಸೋತವರ ಬಗ್ಗೆ ಗೆದ್ದವರ ಕಡತ ಯಾವಾಗಲೂ ಇದೇ ಮಾತು ಹೇಳುತ್ತದೆ ಎಂಬ ಎಚ್ಚರದಲ್ಲೇ ಇದನ್ನು ಓದಬೇಕು.

ಆಮೇಲೆ 1857 ಬಂತು. ಉತ್ತರದಲ್ಲಿ ದಿಲ್ಲಿ, ಕಾನ್ಪುರ ಹೊತ್ತಿ ಉರಿದವು. ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು, ಊರು ಸುಟ್ಟುಹೋಯಿತು. ಹಲಗಲಿಯ ಸುದ್ದಿ ಸುರಪುರದ ಬೇಡರಿಗೆ ದೂರದ ಸುದ್ದಿಯಾಗಿರಲಿಲ್ಲ. ನಾನಾಸಾಹೇಬನ ಕಡೆಯವರು ಸುರಪುರದ ಜೊತೆ ಸಂಪರ್ಕದಲ್ಲಿದ್ದರು ಎಂಬುದು ಬ್ರಿಟಿಷರ ಆರೋಪ, ಸುರಪುರದವರ ಹೆಮ್ಮೆಯೂ ಅದೇ. ಮಾತುಕತೆಗೆ ಬಂದ ಕ್ಯಾಪ್ಟನ್ ಕ್ಯಾಂಪ್‌ಬೆಲ್ ಬರಿಗೈಯಲ್ಲಿ ಮರಳಿದ.

1858ರ ಫೆಬ್ರುವರಿ 7ರಂದು ಕ್ಯಾಪ್ಟನ್ ವಿಂಡಮ್‌ನ ಪಡೆ ಸುರಪುರದ ಹೊರಗೆ ಬಿಡಾರ ಹೂಡಿತು. ಆ ರಾತ್ರಿ ದೊರೆಯ ಜನ ಬಿಡಾರದ ಮೇಲೆ ಬಿದ್ದರು. ಮರುದಿನ ಕರ್ನಲ್ ಹ್ಯೂಸ್‌ನ ಪಡೆ ಬಂದು ಸೇರಿತು. ಗುಡ್ಡದ ಇಳಿಜಾರಿನ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟೀವರ್ಟ್ ಸಾಯುವಂಥ ಗಾಯ ತಿಂದ. ಎದ್ದೇ ಏಳುತ್ತೇವೆ ಎಂದಿದ್ದ ಮಿತ್ರರು ಯಾರೂ ಆ ದಿನ ಸುರಪುರದ ಪಕ್ಕಕ್ಕೆ ಬರಲಿಲ್ಲ. ಮುಂಡರಗಿಯ ಭೀಮರಾಯ ಮತ್ತು ನರಗುಂದದ ಬಾಬಾಸಾಹೇಬ ಎದ್ದದ್ದು ಮೇ ತಿಂಗಳ ಕೊನೆಗೆ. ಅಷ್ಟು ಹೊತ್ತಿಗೆ ಸುರಪುರ ಮುಗಿದಿತ್ತು. ಇವರೆಲ್ಲ ಒಂದೇ ವಾರ ಎದ್ದಿದ್ದರೆ ದಕ್ಷಿಣದ ಕತೆ ಬೇರೆಯಾಗುತ್ತಿತ್ತೇನೋ. ಒಬ್ಬೊಬ್ಬರಾಗಿ ಎದ್ದರು, ಒಬ್ಬೊಬ್ಬರಾಗಿಯೇ ಬಿದ್ದರು.

ಎಂಟರ ರಾತ್ರಿ ವೆಂಕಟಪ್ಪ ಕೆಲವೇ ಸವಾರರೊಂದಿಗೆ ಊರು ಬಿಟ್ಟ. ಹೋದದ್ದು ಹೈದರಾಬಾದಿಗೆ. ನಿಜಾಮನ ರಾಜಧಾನಿಯಲ್ಲಿ ತನ್ನ ಕಡೆಯವರು ಸಿಕ್ಕಾರು ಎಂಬ ಆಸೆ ಇರಬೇಕು. ಸಿಕ್ಕದ್ದು ದಿವಾನ ಸಾಲಾರ್ ಜಂಗನ ಜನ. ಅವರು ಹಿಡಿದು ಬ್ರಿಟಿಷ್ ರೆಸಿಡೆಂಟ್ ಡೇವಿಡ್‌ಸನ್‌ಗೆ ಒಪ್ಪಿಸಿದರು.

ಧಾರಾವಾಹಿ ಬರೆಯುವವರು ಎಷ್ಟು ತಲೆ ಕೆಡಿಸಿಕೊಂಡರೂ ಹುಟ್ಟಿಸಲಾಗದ ಸನ್ನಿವೇಶ ಇಲ್ಲಿಂದ ಶುರುವಾಗುತ್ತದೆ. ಸೆರೆಯಲ್ಲಿರುವ ದೊರೆಯ ಬಾಯಿ ಬಿಡಿಸಬೇಕಿತ್ತು. ಅವನ ಹಿಂದೆ ಯಾರಿದ್ದರು, ಹೈದರಾಬಾದಿನ ದೊಡ್ಡವರಲ್ಲಿ ಯಾರು ಕುಮ್ಮಕ್ಕು ಕೊಟ್ಟರು, ಯಾವ ಸಂಸ್ಥಾನಗಳ ಪತ್ರ ಬಂದಿದ್ದವು? ಆಗ ಹೈದರಾಬಾದಿಗೆ ಬಂದ ಟೇಲರ್ ಹುಡುಗನನ್ನು ನೋಡಲು ಹೋದ. ಅವನನ್ನು ಕಂಡದ್ದೇ ವೆಂಕಟಪ್ಪ ಕುಸಿದ, ಅವನನ್ನು ತಬ್ಬಿಕೊಂಡು ಅತ್ತ ಎಂದು ಟೇಲರ್ ಬರೆದಿದ್ದಾನೆ. ಎಲ್ಲವನ್ನೂ ಹೇಳಿಬಿಟ್ಟರೆ ಕ್ಷಮೆ ಸಿಗಬಹುದು ಎಂದು ಅಪ್ಪನ ಸ್ಥಾನದಲ್ಲಿದ್ದವನು ತಿಳಿಹೇಳಿದ. ಹುಡುಗ ಹೇಳಲಿಲ್ಲ. ತನ್ನನ್ನು ನಂಬಿದವರ ಹೆಸರನ್ನು ಅಪ್ಪನ ಮುಂದೆಯೂ ಬಾಯಿ ಬಿಡುವುದಿಲ್ಲ, ಹೇಡಿಯಂತೆ ಬದುಕು ಬೇಡುವುದಿಲ್ಲ ಎಂದ. ಕಳ್ಳನ ಹಾಗೆ ನೇಣಿಗೆ ಹಾಕುವುದು ಬೇಡ, ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಲಿ, ನಡುಗುವುದಿಲ್ಲ ಎಂದ. ಸಮುದ್ರದಾಚೆಗೆ ಕಳಿಸುವುದಾಗಲಿ ಸೆರೆಯಲ್ಲಿಡುವುದಾಗಲಿ ಸಾವಿಗಿಂತ ಕೆಟ್ಟದ್ದು, ಕಡುಬಡವ ಬೇಡನೂ ಸೆರೆಯಲ್ಲಿ ಬದುಕಲಾರ, ತಾನಂತೂ ದೊರೆ ಎಂದ.

ವಿಲ್ಹೆಲ್ಮ್‌ನ ಕತೆಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಸ್ವೀಡನ್ನಿನ ಹುಡುಗ ಪೀಠ ಉಳಿಸಲು ತಾನು ಪ್ರೀತಿಸಿದವನನ್ನು ಅಲ್ಲಗಳೆದ. ಆಮೇಲೆ ಆ ತಪ್ಪನ್ನು ತಿದ್ದಿಕೊಳ್ಳಲು ಅವನಿಗೆ ಎರಡು ಸರಣಿಗಳ ಕಾಲಾವಕಾಶ ಸಿಕ್ಕಿತು, ಪಟ್ಟ ಬಿಟ್ಟು ಹೋಗುವ ದಾರಿಯೂ ಸಿಕ್ಕಿತು. ಸುರಪುರದ ಹುಡುಗನಿಗೆ ಪೀಠ ಆಗಲೇ ಹೋಗಿತ್ತು, ಜೀವವೊಂದೇ ಉಳಿದಿತ್ತು. ಅದನ್ನು ಉಳಿಸಿಕೊಡುತ್ತೇನೆಂದು ಕೈ ಚಾಚಿ ನಿಂತವನು ಅವನು ಅತಿ ಹೆಚ್ಚು ಪ್ರೀತಿಸಿದ ಮನುಷ್ಯ. ಆ ಕೈ ಹಿಡಿದರೆ ಇನ್ನೆಷ್ಟೋ ಮನೆಗಳು ಹಾಳಾಗುತ್ತಿದ್ದವು. ಅವನು ಅಪ್ಪನನ್ನು ದ್ವೇಷಿಸಲೂ ಇಲ್ಲ, ಅಪ್ಪನ ಮಾತನ್ನು ಕೇಳಲೂ ಇಲ್ಲ. ಫೆಬ್ರುವರಿ ಎಂಟರ ಕಾಳಗಕ್ಕಿಂತ ಈ ಮೌನ ದೊಡ್ಡದು. ವೆಂಕಟಪ್ಪನನ್ನು ನೆನೆಯಲು ಇದೊಂದೇ ಸಾಕು.

ಮೊದಲು ಬಂದದ್ದು ಮರಣದಂಡನೆ. ಅದನ್ನು ಗಡೀಪಾರಿಗೆ ಇಳಿಸಿದರು, ಕೊನೆಗೆ ಮದರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ಕೊಡುವ ಮಾತೂ ಇತ್ತು. ಕಾವಲಿನಲ್ಲಿ ಹೊರಟ ದಾರಿಯ ಬಿಡಾರದಲ್ಲಿ, ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ದೊರೆ ಸತ್ತ. ತಾನೇ ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ, ಯಾರಾದರೂ ಕೊಂದರೋ ಎಂಬ ಮಾತು ಇಂದಿಗೂ ಸಗರನಾಡಿನಲ್ಲಿ ನಡೆಯುತ್ತದೆ. ಟೇಲರ್ ಲೆಕ್ಕ ಹಾಕಿ ನೋಡಿದ, ಜಾತಕದವರು ಹೇಳಿದ ವರ್ಷವೇ ಆಗಿತ್ತು. ಅವನು ಸುರಪುರಕ್ಕೆ ಮತ್ತೆ ಬಂದ, ಈ ಸಲ ದೊರೆಯಿಲ್ಲದ ಊರಿನ ಆಡಳಿತಗಾರನಾಗಿ.

ದ್ರೋಹಗಳಲ್ಲಿ ಕೊನೆಯದು ಕಾಗದದ ಮೇಲೆ ನಡೆಯಿತು. 1860ರಲ್ಲಿ ಬ್ರಿಟಿಷರು ದಂಗೆಯ ಕಾಲದಲ್ಲಿ ನಿಷ್ಠನಾಗಿದ್ದ ನಿಜಾಮನಿಗೆ ಸುರಪುರ ಸಂಸ್ಥಾನವನ್ನು ಉಡುಗೊರೆಯಾಗಿ ಕೊಟ್ಟರು. ಯಾರ ನಜರಾಣೆಯ ಹೊರೆಯಲ್ಲಿ ಈ ಮನೆ ಕುಸಿದಿತ್ತೋ, ಯಾರ ರಾಜಧಾನಿಯಲ್ಲಿ ದೊರೆ ಸೆರೆ ಸಿಕ್ಕಿದ್ದನೋ ಅವರಿಗೇ ಊರು ಹೋಯಿತು. ಮುಂದೆ 1948ರವರೆಗೆ ಈ ನೆಲ ಹೈದರಾಬಾದಿನದು.

ಇಷ್ಟು ದೊಡ್ಡ ಕತೆ ಕನ್ನಡದ ಕಿರುತೆರೆಯಲ್ಲಿ ತನಗೆ ತಕ್ಕ ಜಾಗ ಪಡೆದಿಲ್ಲ. ದೊರೆ ಮಕ್ಕಳ ಕತೆ ಕನ್ನಡಿಗರಿಗೆ ಹೊಸದೇನಲ್ಲ. ಕುಮ್ಮಟದುರ್ಗದ ಕುಮಾರರಾಮನನ್ನು ಜನ ಶತಮಾನಗಳಿಂದ ಹಾಡಿದ್ದಾರೆ, ಆಡಿದ್ದಾರೆ. ಮಲತಾಯಿ ರತ್ನಾಜಿ ಅವನನ್ನು ಬಯಸಿ, ಅವನು ಒಪ್ಪದಿದ್ದಾಗ ದೂರು ಹೊರಿಸಿ, ತಂದೆಯ ಬಾಯಿಂದಲೇ ಸಾವಿನ ಅಪ್ಪಣೆ ಕೊಡಿಸಿದ ಕತೆಯದು. 2006ರಲ್ಲಿ ಶಿವರಾಜಕುಮಾರ್ ಅದನ್ನು ತೆರೆಯ ಮೇಲೆ ಅಭಿನಯಿಸಿದರು. ಕಿತ್ತೂರು ಚೆನ್ನಮ್ಮ 1961ರಲ್ಲಿ, ಸಂಗೊಳ್ಳಿ ರಾಯಣ್ಣ 2012ರಲ್ಲಿ ಸಿನಿಮಾ ಆದರು. ಆ ಸಾಲಿನಲ್ಲಿ ಸುರಪುರದ ಈ ಹುಡುಗನೂ ನಿಲ್ಲಬೇಕು.

ತೆಗೆಯುವವರ ಮುಂದೆ ಎರಡು ಕಷ್ಟಗಳಿವೆ. ವೆಂಕಟಪ್ಪನ ಬಾಲ್ಯದ ಬಗ್ಗೆ ನಮಗೆ ಸಿಗುವ ವಿವರವೆಲ್ಲ ಬಹುಪಾಲು ಟೇಲರ್‌ನ ಲೇಖನಿಯದು. ಅವನು 1876ರಲ್ಲಿ ಸತ್ತ ಮೇಲೆ ಮಗಳು 1877ರಲ್ಲಿ ಪ್ರಕಟಿಸಿದ ಆತ್ಮಕಥೆ ಅದು. ಅದರಲ್ಲಿ ಟೇಲರ್ ಒಳ್ಳೆಯ ಅಪ್ಪ, ಹುಡುಗ ದಾರಿ ತಪ್ಪಿದ ಮಗ. ಬಂಡಾಯವನ್ನು ಮಗನ ಮುನಿಸಿನ ಮಟ್ಟಕ್ಕೆ ಇಳಿಸುವ ಅಪಾಯ ಈ ಚೌಕಟ್ಟಿನಲ್ಲೇ ಇದೆ. ಸುರಪುರ ಎದ್ದದ್ದು ಕಪ್ಪ, ಸಾಲ, ಆಯುಧ, ಮಾನದ ಪ್ರಶ್ನೆಗಳಿಗಾಗಿ. ಸೆರೆಮನೆಯ ಭೇಟಿಯ ವಿವರವೂ ಟೇಲರ್‌ನದೇ. ಆದರೆ ಅದು ಅವನ ಸೋಲನ್ನು ಹೇಳುವ ಭಾಗ, ಹುಡುಗ ತನ್ನ ಮಾತು ಕೇಳಲಿಲ್ಲ ಎಂದು ಒಪ್ಪಿಕೊಳ್ಳುವ ಭಾಗ. ಆದ್ದರಿಂದಲೇ ನಂಬಲು ಅರ್ಹ.

ಇನ್ನೊಂದು ಕಷ್ಟ ಈಶ್ವರಮ್ಮ. ಟೇಲರ್‌ನ ಪುಟಗಳಲ್ಲಿ ಆಕೆ ಹಟಮಾರಿ, ನಡತೆಗೆಟ್ಟವಳು, ಆಡಳಿತಕ್ಕೆ ಅಡ್ಡಿ. ಗಂಡ ಸತ್ತು, ಮೈದುನ ಎದುರು ನಿಂತು, ಹೈದರಾಬಾದು ಕೈಬಿಟ್ಟು, ಮಗನ ಆಯುಷ್ಯದ ಬಗ್ಗೆ ಜಾತಕ ಹೆದರಿಸುತ್ತಿದ್ದಾಗ ಒಬ್ಬ ಹೆಂಗಸು ಕೋಟೆ ಬಿಟ್ಟುಕೊಡದೆ ನಿಂತದ್ದನ್ನು ಆಕೆಯ ಕಡೆಯಿಂದ ಬರೆದವರು ಕಡಿಮೆ. ತನ್ನ ಮಗ ಪರದೇಶಿಯೊಬ್ಬನನ್ನು ಅಪ್ಪ ಎನ್ನುವುದನ್ನು ಕೇಳುತ್ತ ಆಕೆ ಅರಮನೆಯಲ್ಲಿ ಕಳೆದ ವರ್ಷಗಳೇ ಒಂದು ಇಡೀ ಸರಣಿಗೆ ಸಾಕು. ಆ ಪಾತ್ರವನ್ನು ಬರೆಯಲು ಧೈರ್ಯ ಬೇಕು, ಕಿರುತೆರೆಯ ಸಿದ್ಧ ಅತ್ತೆ-ಖಳನಾಯಕಿಯ ಅಚ್ಚಿಗೆ ಆಕೆ ಬೀಳಬಾರದು.

ಕಲ್ಪಿಸಿ ತುಂಬಿದ್ದನ್ನು ಇತಿಹಾಸವೆಂದು ಮಾರುವುದೂ ಬೇಡ. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿ 1990ರಲ್ಲಿ ದೂರದರ್ಶನಕ್ಕೆ ಬಂದ ಟಿಪ್ಪು ಧಾರಾವಾಹಿಯ ಮೇಲೆ ವಿವಾದ ಎದ್ದು, ಇದು ಕಾದಂಬರಿಯ ಕತೆ ಎಂಬ ಸೂಚನೆ ತೋರಿಸಬೇಕಾಗಿ ಬಂದಿತ್ತು. ಸುರಪುರಕ್ಕೆ ಅಂಥ ರಗಳೆ ಬೇಕಾಗಿಲ್ಲ. ಇರುವ ಸಂಗತಿಯೇ ಧಾರಾಳವಾಗಿದೆ.

ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ, ಊರೊಳಗೆ ವೇಣುಗೋಪಾಲಸ್ವಾಮಿ ದೇವಾಲಯವಿದೆ, ಗರುಡಾದ್ರಿ ಶೈಲಿಯ ಸುರಪುರದ ಚಿತ್ರಗಳಲ್ಲಿ ಆ ಕಾಲದ ಉಡುಗೆ, ಒಡವೆ, ದರ್ಬಾರು ಎಲ್ಲ ಇವೆ. ವಂಶವೂ ಇದೆ: ಅದೇ ಹೆಸರಿನ ರಾಜಾ ವೆಂಕಟಪ್ಪ ನಾಯಕರು ಸುರಪುರದ ಶಾಸಕರಾಗಿದ್ದಾಗಲೇ 2024ರ ಫೆಬ್ರುವರಿಯಲ್ಲಿ ತೀರಿಕೊಂಡರು, ಮೇ ತಿಂಗಳ ಉಪಚುನಾವಣೆಯಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕ ಗೆದ್ದರು.

ಬೆಂಗಳೂರಿನ ವಾಹಿನಿಗಳ ಕತೆಗಾರರು ಒಮ್ಮೆ ಸುರಪುರಕ್ಕೆ ಬರಬೇಕು. ಸೆಟ್ಟು ಹಾಕುವ ಮೊದಲು ಗುಡ್ಡ ಹತ್ತಿ ನೋಡಬೇಕು, ಊರ ಹಿರಿಯರ ಬಾಯಲ್ಲಿ ಕೇಳಬೇಕು, ಟೇಲರ್‌ನ ಪುಸ್ತಕವನ್ನು ಅನುಮಾನವಿಟ್ಟುಕೊಂಡೇ ಓದಬೇಕು. ಪಾತ್ರಗಳ ಬಾಯಲ್ಲಿ ಸಗರನಾಡಿನ ಮಾತನ್ನೇ ಆಡಿಸಬೇಕು, ಹುಡುಗನ ಪಾತ್ರಕ್ಕೆ ವಡಗೇರಾ, ಶಹಾಪುರ, ಹುಣಸಗಿಯ ಶಾಲೆಗಳಲ್ಲಿ ಹುಡುಕಬೇಕು.